ಸ್ಯಾಕ್ ಅಂದರೆ ಸಾಕಲ್ಲ

ಎಲ್ಲರಿಗೂ ಗೊತ್ತಿರುವುದನ್ನು ತಿಳಿದುಕೊಳ್ಳುವುದಕ್ಕೆ ನನಗೆ ಮೊದಲಿನಿಂದಲೂ ಸೋಮಾರಿತನ. ಯಾರಿಗೂ ಬೇಡದ ವಿಷಯ ಹಿಡಿದುಕೊಂಡರೆ, ತಪ್ಪು ಹೇಳಿದರೂ ತಿದ್ದುವವರಿರುವುದಿಲ್ಲ ಎಂಬ ದೂರಾಲೋಚನೆ. ಸೋಮವಾರ ಆಫೀಸಿನಲ್ಲಿ ಎಲ್ಲರೂ ಅಮೆರಿಕನ್ ಫುಟ್‌ಬಾಲ್ ಹರಟುವಾಗ ನಾನೂ ಬಾಯಿ ಬಿಡಬೇಕಲ್ಲ, ಅದಕ್ಕೆ ಅಲ್ಲಿಯೂ ಹಾಗೇ ಒಂದನ್ನು ಹಿಡಿದೆ. ಚೆಂಡು ಎಸೆಯುವವನನ್ನು ಎಸೆಯುವ ಮೊದಲೇ ಕೆಡವಿದರೆ ‘ಸ್ಯಾಕ್’ ಅನ್ನುತ್ತಾರೆ. ಕೆಡವಿದವನ ಹೆಸರಿಗೆ ಕೂಡಲೇ ಒಂದು ಅಂಕಿ. ಆದರೆ ಎದೆಯೊಡ್ಡಿ ನಿಂತು ಎಸೆಯುವವನನ್ನು ಬೀಳದಂತೆ ಕಾಯುವ, ಲೈನ್‌ಮನ್ ಎಂಬ ಡೊಳ್ಳುಹೊಟ್ಟೆಯ ಆಟಗಾರರ ಕೆಲಸಕ್ಕೆ ಟಿವಿಯ ಪಟ್ಟಿಯಲ್ಲಿ ಜಾಗವೇ ಇಲ್ಲ. ತಪ್ಪಿದಾಗ ಮಾತ್ರ ಹೆಸರು ಹಿಡಿದು ಬಯ್ಯುತ್ತಾರೆ. ಪಾಪ, ಸಾರಿನ ಉಪ್ಪಿನ ಹಾಗೆ, ಹೆಚ್ಚುಕಡಿಮೆಯಾದರಷ್ಟೇ ನೆನಪು.

ಈ ಅನ್ಯಾಯವನ್ನು ವಿವರಿಸಲೆಂದೇ ಒಂದು ಭಾನುವಾರ ಹತ್ತಿರದ ಈಸ್ಟ್‌ಗೇಟ್‌ನ ಗೆಳೆಯರನ್ನು ಅಮೆರಿಕದ ಸಮಾಮಿಶ್ ಊರಿನ ನಮ್ಮ ಮನೆಗೆ ಮ್ಯಾಚ್ ನೋಡಲು ಕರೆದಿದ್ದೆ. ಮೈಸೂರಿನಿಂದ ಬಂದಿದ್ದ ನಮ್ಮತ್ತೆ, ಅಂದರೆ ಹೆಂಡತಿ ಸುಧಾಳ ತಾಯಿ, ಬೆಳಗಿನಿಂದ ನಿಂತು ಹೋಳಿಗೆ ಮಾಡಿದ್ದರು. ಅವರು ಬಿಸಿ ಹೋಳಿಗೆ ಹಿಡಿದು ಬಡಿಸಲು ಬರುವುದಕ್ಕೂ, ನಾವೆಲ್ಲ ಟಿವಿ ನೋಡಿ ಕೂಗುವುದಕ್ಕೂ ಸರಿಹೋಯಿತು. ಅವರು ಹಿಂದಿರುಗಿದರು. ಮತ್ತೆ ಬಂದರು, ಮತ್ತೆ ನಮ್ಮ ಕೂಗು. ನನ್ನ ತಟ್ಟೆಗೆ ಯಾಕೆ ಏನೂ ಬರುತ್ತಿಲ್ಲ ಅಂತ ಯೋಚಿಸುತ್ತಿರುವಾಗ ಸುಧಾ ಬಂದು, “ರೀ, ಅಮ್ಮ ಅಡುಗೆಮನೇಲಿ ಅಳ್ತಿದಾಳೆ, ಬನ್ನಿ” ಅಂದಳು.

ಹೋದರೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಹೋಳಿಗೆ ಕೆಟ್ಟಿದ್ರೆ ಕೆಟ್ಟಿದೆ ಅನ್ನಿ ಅಳಿಯಂದ್ರೇ. ನಾನು ಬಾಗಿಲಿಗೆ ಬಂದ್ರೆ ಸಾಕು, ಎಲ್ರೂ ಒಟ್ಟಿಗೆ ‘ಸಾಕ್! ಸಾಕ್!’ ಅಂತ ಕಿರುಚ್ತೀರಲ್ಲ. ನೀವಂತೂ ಎದ್ದು ನಿಂತು ಕಿರುಚ್ತೀರಿ!”

“ಅತ್ತೆ, ಅದು ಆಟದ ಸ್ಯಾಕ್, ಊಟದ ಸಾಕಲ್ಲ” ಎಂದು ಬಿಡಿಸಿ ಹೇಳಿದೆ. ಅವರು ಅಳುತ್ತಲೇ ನಕ್ಕುಬಿಟ್ಟರು. ಹೋಳಿಗೆಯ ತಟ್ಟೆ ಹೊರಗೆ ಬಂದದ್ದೇ ತಡ, ಗೆಳೆಯರು ಮ್ಯಾಚನ್ನೂ ನನ್ನ ಲೈನ್‌ಮನ್‌ಗಳನ್ನೂ ಮರೆತು ಮುಗಿಬಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ, ಅತ್ತೆಯ ಮುಖ ಅರಳಿತ್ತಲ್ಲ.

ತೊಂದರೆ ಶುರುವಾದದ್ದು ಮಾರನೆಯ ದಿನದಿಂದ. ಈಗ ಮ್ಯಾಚ್ ಇರಲಿ ಬಿಡಲಿ, ಊಟದಲ್ಲಿ ನಾನು “ಸಾಕು” ಎಂದರೆ ಅತ್ತೆ, “ಗೊತ್ತು ಬಿಡಿ, ಅದು ಆಟದ್ದು” ಎಂದು ಇನ್ನೊಂದು ಸೌಟು ಹಾಕುತ್ತಾರೆ. ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದು ತಡೆದೂ ನೋಡಿದೆ, ಬೆರಳ ಸಂದಿಯಲ್ಲೇ ತುಪ್ಪ ಸುರಿದರು. ಲೈನ್‌ಮನ್‌ಗಳ ಪರ ಅಷ್ಟು ವಾದಿಸಿದ ನನಗೆ ಅವರ ಹೊಟ್ಟೆ ಬಂತೇ ಹೊರತು, ತಡೆಯುವ ವಿದ್ಯೆ ಬರಲಿಲ್ಲ.