ಬೆಳಗಿನ ಜಾವದ ಎತ್ತರ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಸೋಜಿಗದ ಸಂಗತಿಗಳ ಚಟ. ಹಾವಿಗೆ ಹೊರಗಿವಿ ಇಲ್ಲ. ಮೇಕೆಯ ಕಣ್ಣಿನ ಪಾಪೆ ದುಂಡಗಿಲ್ಲ, ಅಡ್ಡ ಮಲಗಿಸಿದ ಇಟ್ಟಿಗೆಯ ಹಾಗಿದೆ. ಯಾರೂ ತಮಗೆ ತಾವೇ ಕಚಗುಳಿ ಇಟ್ಟುಕೊಂಡು ನಗಲಾರರು. ಇಂಥವನ್ನು ಓದಿ ಸುಮ್ಮನಿರುವಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ತಿಳಿದದ್ದನ್ನು ಯಾರಿಗಾದರೂ ಹೇಳುವ ತನಕ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಬೀಗರ ಊಟದ ಪಂಕ್ತಿಯಲ್ಲಿ ನಾನು ಕಚಗುಳಿಯ ಮಾತು ಎತ್ತಿ, ಹಿರಿಯರೆಲ್ಲ ಹೋಳಿಗೆ ಬಿಟ್ಟು ಕಂಕುಳಿಗೆ ಕೈ ಹಾಕಿಕೊಂಡು ಕೂತದ್ದನ್ನು ನಮ್ಮ ಬಳಗದವರು ಈಗಲೂ ಆಡಿಕೊಳ್ಳುತ್ತಾರೆ.

ಈ ಚಟ ನನಗೆ ಅಂಟಿದ್ದು ಸರಕಾರದಿಂದ. ಹೈದರಾಬಾದಿನ ರಾಜ್ಯ ಹೋಗಿ ನಾವೆಲ್ಲ ಮೈಸೂರಿನೊಂದಿಗೆ ಕೂಡಿದ ಹೊಸತು. ನಾನು ಸುರಪುರದ ಕಚೇರಿಯಲ್ಲಿ ಕಾರಕೂನ. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಕಲಿತದ್ದು ಉರ್ದು. ಇನ್ನು ಮುಂದೆ ದಫ್ತರವೆಲ್ಲ ಕನ್ನಡದಲ್ಲಿ ನಡೆಯಬೇಕೆಂದು ಹುಕುಂ ಬಂದಾಗ, ಬಲದಿಂದ ಎಡಕ್ಕೆ ಓಡುತ್ತಿದ್ದ ಕೈಯನ್ನು ಎಡದಿಂದ ಬಲಕ್ಕೆ ತಿರುಗಿಸಬೇಕಾಯಿತು. ಓದು ರೂಢಿಯಾಗಲೆಂದು ಹಳೆಯ ಕನ್ನಡ ಪತ್ರಿಕೆಗಳನ್ನು ಹೊರೆಗಟ್ಟಲೆ ತಂದೆ. ದೊಡ್ಡ ಲೇಖನಗಳು ನನ್ನ ಕೈಗೆ ಎಟುಕುತ್ತಿರಲಿಲ್ಲ. ಪುಟದ ಕೊನೆಯಲ್ಲಿ ಜಾಗ ಉಳಿದರೆ ತುಂಬಿಸುವ ನಾಲ್ಕು ಸಾಲಿನ ತುಣುಕುಗಳಿರುತ್ತವಲ್ಲ, ಅವು ಎಟುಕಿದವು. ಹೀಗೆ ನಾನು ಕನ್ನಡ ಕಲಿತೆ, ಜೊತೆಗೆ ಜಗತ್ತಿನ ಚೂರುಪಾರು ಜ್ಞಾನವನ್ನೂ ಗಂಟು ಕಟ್ಟಿಕೊಂಡೆ. ಕಣ್ಣು ಬಿಟ್ಟುಕೊಂಡು ಸೀನುವುದು ಬಲು ಕಷ್ಟ ಎಂದು ಒಂದು ದಿನ ಕಚೇರಿಯಲ್ಲಿ ಹೇಳಿದ್ದೇ ತಪ್ಪಾಯಿತು. ಸಾಹೇಬರ ಮುಂದೆ ಕಡತ ಇಡುವ ನಮ್ಮ ಪೇಶಕಾರ ಇಮಾಮಸಾಬರು ನಶ್ಯದ ಡಬ್ಬಿ ತೆಗೆದರು. ಅವರು ನಮ್ಮ ಕಚೇರಿಯಲ್ಲೆಲ್ಲ ಗಿಡ್ಡ, ಉತ್ಸಾಹದಲ್ಲಿ ಎಲ್ಲರಿಗಿಂತ ಎತ್ತರ. ಅಂದು ಸಂಜೆಯ ತನಕ ಸೀನಿನ ಹೊರತು ಒಂದು ಕಡತವೂ ಮುಂದೆ ಸರಿಯಲಿಲ್ಲ.

ಮನೆಯಲ್ಲಿ ನನ್ನ ಜ್ಞಾನಕ್ಕೆ ಅಷ್ಟು ಬೆಲೆ ಇರಲಿಲ್ಲ. ನನ್ನ ಹೆಂಡತಿ ಶರಣಮ್ಮನ ಲೆಕ್ಕದಲ್ಲಿ ನನ್ನಿಂದ ಆಗುವ ಉಪಯೋಗ ಒಂದೇ. ಮಾಲೆಯ ಹೂವನ್ನು ನಮ್ಮಲ್ಲಿ ಮೊಳದಿಂದ ಅಳೆದು ಕೊಡುತ್ತಾರೆ. ಮೊಣಕೈಯಿಂದ ಬೆರಳ ತುದಿಯ ತನಕ ಒಂದು ಮೊಳ. ಶರಣಮ್ಮ ಹೂವು ಕೊಳ್ಳುವಾಗಲೆಲ್ಲ ನನ್ನನ್ನು ಬಜಾರಕ್ಕೆ ಎಳೆದೊಯ್ದು, ‘ನಿನ್ನ ಕೈ ಬ್ಯಾಡವಾ, ನಮ್ಮನಿಯವ್ರ ಕೈಲೆ ಅಳೀತೀವಿ’ ಎನ್ನುತ್ತಿದ್ದಳು. ಹೂವಾಡಗಿತ್ತಿ ನನ್ನನ್ನು ಕಂಡ ಕೂಡಲೇ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು. ಕಚೇರಿಯ ನೌಕರನೆಂದರೆ ಜನಕ್ಕೆ ಎಷ್ಟು ಅಂಜಿಕೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಹೀಗಿರುವಾಗ ನನ್ನ ಹೆಂಡತಿಯ ತಮ್ಮ ಭೀಮಣ್ಣನಿಗೆ ಪೊಲೀಸ್ ಆಗುವ ಹುಚ್ಚು ಹಿಡಿಯಿತು. ಸಗರದಲ್ಲಿ ಕುರಿ ಸಾಕುವ ಮನೆತನ ಅವರದು. ಅಣ್ಣಂದಿರು ಕುರಿಯ ಹಿಂದೆ ಊರೂರು ಅಲೆಯುತ್ತಿದ್ದರೆ, ಇವನು ನಾಲ್ಕಕ್ಷರ ಕಲಿತು ಖಾಕಿಯ ಕನಸು ಕಾಣುತ್ತಿದ್ದ. ಶಹಾಪುರದಲ್ಲಿ ಭರ್ತಿ ಇದೆ, ಇಷ್ಟು ಎತ್ತರ ಇರಲೇಬೇಕು ಎಂದು ಸುದ್ದಿ ಬಂತು. ನಾನು ಸಗರಕ್ಕೆ ಹೋಗಿ ಅವನ ಎತ್ತರ ನೋಡಿದೆ. ದರ್ಜಿಯ ಹತ್ತಿರ ಟೇಪು ಕೇಳಿದರೆ ಊರಿಗೆಲ್ಲ ಡಂಗುರ. ನಾಳೆ ಕನ್ಯೆ ಕೊಡುವವರಿಗೂ ಹುಡುಗ ಗಿಡ್ಡ ಎಂಬ ಸುದ್ದಿ ಮುಟ್ಟುತ್ತದೆ. ಅದಕ್ಕೇ ಅವನನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಇದ್ದಿಲಿನ ಗೆರೆ ಎಳೆದು, ನೆಲದಿಂದ ಗೆರೆಯ ತನಕ ನನ್ನ ಕೈಯಿಂದ ಮೊಳ ಹಾಕಿದೆ. ಮೊಳಕ್ಕೆ ಒಂದೂವರೆ ಅಡಿ ಎಂಬುದು ಶಾಲೆಯ ಲೆಕ್ಕ. ಗುಣಿಸಿ ನೋಡಿದರೆ, ಬೇಕಾದುದಕ್ಕೆ ಒಂದು ಬೆರಳು ಕಡಿಮೆ.

ಭೀಮಣ್ಣನ ಮುಖ ಬಾಡಿತು. ‘ಮಾಮಾ, ಇನ್ನ ನನ್ನ ನಸೀಬದಾಗ ಕುರಿನೇ ಬರ್ದದ ಬಿಡ್ರಿ’ ಎಂದ. ಅವನ ಕಣ್ಣಲ್ಲಿ ನೀರು ಕಂಡು ನನಗೂ ನಿಜಕ್ಕೂ ಸಂಕಟವಾಯಿತು. ಆಗಲೇ ನನ್ನ ತಲೆಯಲ್ಲಿ ಒಂದು ತುಣುಕು ಮಿಂಚಿತು: ಮನುಷ್ಯ ಸಂಜೆಗಿಂತ ಬೆಳಿಗ್ಗೆ ಎತ್ತರವಾಗಿರುತ್ತಾನೆ! ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಿವೆ, ರಾತ್ರಿ ಮಲಗಿದಾಗ ಅವು ಉಬ್ಬುತ್ತವೆ, ಹಗಲೆಲ್ಲ ನಿಂತು ಕೂತು ಮಾಡಿದರೆ ಅಮುಕಿಕೊಳ್ಳುತ್ತವೆ. ಅಂದಮೇಲೆ ಹುಡುಗನನ್ನು ಹಾಸಿಗೆಯಿಂದ ಏಳಿಸದೆ, ಮಲಗಿಸಿಕೊಂಡೇ ಶಹಾಪುರಕ್ಕೆ ಒಯ್ದು, ಅಳೆಯುವ ಜಾಗದಲ್ಲೇ ಮೊದಲ ಸಲ ನಿಲ್ಲಿಸಿದರೆ? ಸುರಪುರಕ್ಕೆ ಮರಳಿ ಶರಣಮ್ಮನಿಗೆ ಹೇಳಿದೆ. ಅವಳು ಸೊಂಟದ ಮೇಲೆ ಕೈ ಇಟ್ಟು, ‘ಮಾಡ್ರಿ. ಆದ್ರ ನನ್ನ ತಮ್ಮಗ ನೌಕರಿ ಸಿಗಲಿಲ್ಲಂದ್ರ ನಿಮ್ಮ ಪತ್ರಿಕಿ ಒಂದೂ ಬಿಡಂಗಿಲ್ಲ, ಎಲ್ಲಾ ಒಲಿಗೆ ಹಾಕ್ತೀನಿ’ ಎಂದಳು. ಹುಡುಗನ ಖಾಕಿಯೊಂದಿಗೆ ನನ್ನ ಸಮಸ್ತ ಜ್ಞಾನವೂ ಪಣಕ್ಕೆ ಬಿತ್ತು.

ಭರ್ತಿಯ ದಿನ ಬೆಳಗಿನ ಜಾವ ಸಗರದಲ್ಲಿ ನಾನೂ ಮಾವನೂ ಭೀಮಣ್ಣನನ್ನು ಕಂಬಳಿಯ ಸಮೇತ ಎತ್ತಿ ಬಂಡಿಯ ಹುಲ್ಲಿನ ಮೇಲೆ ಮಲಗಿಸಿದೆವು. ಚಳಿಯಾದೀತೆಂದು ಮೇಲೊಂದು ಕರಿ ಕಂಬಳಿ ಹೊದಿಸಿದೆವು. ಅತ್ತೆ ಬಾಗಿಲಲ್ಲಿ ನಿಂತು, ‘ಜೀವಂತ ಮಗನ್ನ ಹಿಂಗ ಎತ್ತಿ ಹಾಕಬ್ಯಾಡ್ರಿ ಅಳಿಯಾರ, ನೋಡಿದ್ರ ಎದಿ ಧಸಕ್ ಅಂತದ’ ಎಂದು ಮುಖ ತಿರುಗಿಸಿಕೊಂಡರು. ನಾನು ಭೀಮಣ್ಣನಿಗೆ, ‘ಕುತಗಿ ಸೈತ ಎತ್ತಬ್ಯಾಡ’ ಎಂದು ತಾಕೀತು ಮಾಡಿದೆ. ಬಂಡಿ ಹೊರಟಿತು. ಮನೆಯ ನಾಯಿಯೂ ತಲೆ ತಗ್ಗಿಸಿ ಹಿಂದೆ ಬಂತು. ಹೆಣದ ಬಂಡಿ ಎನ್ನಲು ನೋಡುವವರ ಕಣ್ಣಿಗೆ ಹಿಂದೆ ದುಃಖದಿಂದ ನಡೆಯುವವರದೊಂದೇ ಕೊರತೆಯಾಗಿತ್ತು, ನಾಯಿ ಅದನ್ನೂ ತುಂಬಿಸಿಕೊಟ್ಟಿತು.

ಹಳ್ಳದ ಬಳಿ ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದೆವು. ಅಲ್ಲಿ ಬೇವಿನ ಗಿಡದ ಕೆಳಗೆ ಸಂತೆಗೆ ಹೊರಟ ಜನ ಕೂತಿದ್ದರು. ದೊಡ್ಡ ಪಟಗಾ ಸುತ್ತಿದ ಮುದುಕನೊಬ್ಬ ಬಂಡಿಯೊಳಗೆ ಇಣುಕಿದ. ‘ಏನ್ರಿ, ಹುಳ ಮುಟ್ಟ್ಯಾದೇನು?’ ಎಂದು ಕೇಳಿದ. ಕಚ್ಚಿದ ಹಾವಿನ ಹೆಸರನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ, ಹುಳ ಎನ್ನುತ್ತೇವೆ. ನಾನು, ‘ಏನೂ ಆಗಿಲ್ರಿ, ಸುಮ್ಮ ಮಲಗ್ಯಾನ’ ಎಂದೆ.

ಅಷ್ಟು ಸಾಕಾಯಿತು. ಹುಳ ಮುಟ್ಟಿದವನನ್ನು ಮಲಗಲು ಬಿಡಬಾರದೆಂದು ನಮ್ಮಲ್ಲಿ ಕೂಸಿಗೂ ಗೊತ್ತು.

‘ಮಲಗಾಕ ಬಿಟ್ಟೀರೇನ್ರಿ? ಮುಗೀತಲ್ರಿ ಕಥಿ! ಎಬ್ಬಸ್ರಿ ಅವನ್ನ!’ ಎಂದು ಮುದುಕ ಕೂಗಿದ. ಇಡೀ ಸಂತೆಯ ಗುಂಪು ಬಂಡಿಗೆ ಮುತ್ತಿತು. ಹೆಂಗಸೊಬ್ಬಳು ಬೇವಿನ ಸೊಪ್ಪು ಹಿರಿದು ತಂದು ಭೀಮಣ್ಣನ ಬಾಯಿಗೆ ತುರುಕಿದಳು. ಸೊಪ್ಪು ಕಹಿ ಹತ್ತಿದರೆ ವಿಷ ಏರಿಲ್ಲ, ಕಹಿ ಹತ್ತದಿದ್ದರೆ ಏರಿದೆ ಎಂಬುದು ಪರೀಕ್ಷೆ. ಅವರಿಗೇನು ಗೊತ್ತು, ನಮ್ಮತ್ತೆ ಮಕ್ಕಳಿಗೆಲ್ಲ ಬರಿ ಹೊಟ್ಟೆಯಲ್ಲಿ ಬೇವಿನ ರಸ ಕುಡಿಸಿಯೇ ಬೆಳೆಸಿದವರು ಎಂದು! ಭೀಮಣ್ಣ ಕುತ್ತಿಗೆ ಅಲುಗಿಸದೆ, ಮುಖ ಕಿವಿಚದೆ ಮೆಲ್ಲಗೆ ಅಗಿದ.

‘ಕಹಿ ಅನಸ್ತದೇನಪ್ಪಾ?’

‘ಇಲ್ರಿ, ಛಲೋ ಅದ’ ಎಂದ ಪುಣ್ಯಾತ್ಮ.

ಗುಂಪಿನಲ್ಲಿ ಹಾಹಾಕಾರವೆದ್ದಿತು. ಇಬ್ಬರು ಗಟ್ಟಿ ಆಳುಗಳು ಅವನ ರಟ್ಟೆ ಹಿಡಿದು ಕೆಳಗಿಳಿಸಿ, ಹಳ್ಳದ ದಂಡೆಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಿಸತೊಡಗಿದರು. ಇನ್ನೊಬ್ಬ ಕೊಡದಿಂದ ಮುಖಕ್ಕೆ ನೀರು ಎರಚುತ್ತಿದ್ದ. ನನ್ನ ಕಣ್ಣೆದುರೇ ಬೆನ್ನುಮೂಳೆಯ ಮೆತ್ತೆಗಳು ಒಂದೊಂದಾಗಿ ಅಮುಕಿ ಹೋಗುತ್ತಿದ್ದವು. ನಾನು ಹಿಂದೆ ಹಿಂದೆ ಓಡುತ್ತ, ‘ನಿಂದ್ರಸಬ್ಯಾಡ್ರಿ! ಗಿಡ್ಡ ಆಗ್ತಾನ, ಗಿಡ್ಡ ಆಗ್ತಾನ!’ ಎಂದು ಅರಚಿದೆ. ಮುದುಕ ನನ್ನ ಹೆಗಲ ಮೇಲೆ ಕೈ ಇಟ್ಟು, ‘ಪಾಪ, ದುಃಖಕ್ಕ ತಲಿ ತಿರುಗ್ಯಾದ. ಇವ್ರಿಗೂ ಒಂದೀಟು ನೀರು ಹಾಕ್ರೋ’ ಎಂದ. ನನಗೂ ಹಾಕಿದರು. ಕೊನೆಗೆ ಮಾವನೇ ಎತ್ತು ಬಿಟ್ಟು ಬಂದು, ‘ಅವ ಪೊಲೀಸ್ ಆಗಾಕ ಹೊಂಟಾನ್ರಿ, ಸಾಯಾಕಲ್ಲ’ ಎಂದು ಗದರಿದ ಮೇಲೆ ಬಿಟ್ಟರು.

ಶಹಾಪುರದ ಮೈದಾನ ಮುಟ್ಟಿದಾಗ ನಮ್ಮಿಬ್ಬರ ಬಟ್ಟೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಪತ್ರಿಕೆಗಳು ಒಲೆಯಲ್ಲಿ ಉರಿಯುವುದು ಕಣ್ಣಿಗೆ ಕಟ್ಟಿತು. ಅಳತೆಯ ಅಧಿಕಾರಿ ಮೈಸೂರು ಕಡೆಯವರು. ‘ಏನಯ್ಯ, ಸ್ನಾನ ಮುಗಿಸಿಕೊಂಡು ನೇರವಾಗಿ ಬಂದುಬಿಟ್ಟೆಯಾ?’ ಎಂದು ನಕ್ಕು ಕೋಲಿಗೆ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ‘ಸರಿ, ಬೇಕಾದ್ದಕ್ಕಿಂತ ಎರಡು ಬೆರಳು ಜಾಸ್ತಿಯೇ ಇದ್ದಾನೆ. ಮುಂದಿನವನು ಬಾ’ ಎಂಬ ಮಾತು ಕೇಳಿಸಿತು. ಭೀಮಣ್ಣ ಓಡಿ ಬಂದು ನನ್ನನ್ನು ತಬ್ಬಿಕೊಂಡ. ಮಾವ ಇಬ್ಬರನ್ನೂ ತಬ್ಬಿಕೊಂಡರು. ನಾಯಿ ಮೂವರ ಮೇಲೂ ಹಾರಿತು. ಅಂದು ಅವನ ಮುಖದಲ್ಲಿದ್ದ ಆ ನಗುವನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಆದರೆ ಒಂದು ಲೆಕ್ಕ ಕೂಡಲಿಲ್ಲ. ಒಂದು ಬೆರಳು ಕಡಿಮೆ ಇದ್ದವನು, ಅಷ್ಟೆಲ್ಲ ಓಡಿ ಕುಗ್ಗಿದವನು, ಎರಡು ಬೆರಳು ಹೆಚ್ಚಾದದ್ದು ಹೇಗೆ? ಯೋಚಿಸಿ ಯೋಚಿಸಿ ನನಗೆ ಹೊಳೆಯಿತು: ಬೇವಿನ ಸೊಪ್ಪು! ಮರುದಿನ ಕಚೇರಿಯಲ್ಲಿ ಸಾರಿದೆ. ಇಮಾಮಸಾಬರು ಕೂಡಲೇ ಗೋಡೆಗೆ ನಿಂತು, ‘ಮೊದ್ಲು ನನ್ನ ಅಳೀರಿ ಭಾಯಿ’ ಎಂದರು. ನಾನು ಮೊಳ ಹಾಕಿ ಎತ್ತರ ಹೇಳಿದೆ. ಅಂದಿನಿಂದ ಅವರು ದಿನಾ ಬೆಳಿಗ್ಗೆ ಬೇವು ಅಗಿಯತೊಡಗಿದರು.

ಪತ್ರಿಕೆಗಳು ಉಳಿದವು. ಭೀಮಣ್ಣನ ನೌಕರಿಯ ಹುಕುಂ ಕೈಗೆ ಬಂದ ದಿನ ದೇವರಿಗೆ ಹೂವು ತರಲು ಶರಣಮ್ಮ ಎಂದಿನಂತೆ ನನ್ನನ್ನು ಬಜಾರಕ್ಕೆ ಎಳೆದೊಯ್ದಳು. ಹೂವಾಡಗಿತ್ತಿ ಬುಟ್ಟಿ ಮುಚ್ಚಿಕೊಂಡು, ‘ಅವ್ವಾ, ಸಾಹೇಬ್ರ ಕೈ ಒಂದ್ ಬ್ಯಾಡ. ನನ್ನ ಮೊಳಕ್ಕಿಂತ ನಾಕ್ ಬೆರಳು ಜಾಸ್ತಿ ಎಳೀತದ’ ಎಂದು ಗೋಗರೆದಳು. ನಾನು ಚಾಚಿದ ಕೈ ಚಾಚಿದ ಹಾಗೇ ನಿಂತುಬಿಟ್ಟೆ. ಶರಣಮ್ಮ ಒಮ್ಮೆ ನನ್ನ ಕೈ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ‘ಅಯ್ಯ ನಿಮ್ಮ! ನನ್ನ ತಮ್ಮನ್ನ ಈ ಕೈಲೇನೇ ಅಳೆದಿದ್ರೇನು? ಉದ್ದ ಮೊಳಕ್ಕ ಅವ ಗಿಡ್ಡ ಆಗ್ಯಾನ!’ ಎಂದು ಬಜಾರೆಂಬುದನ್ನೂ ಮರೆತು ನೆಲದ ಮೇಲೆ ಕೂತು ನಕ್ಕಳು.

ಇಮಾಮಸಾಬರಿಗೆ ನಿಜ ಹೇಳಿಬಿಡಬೇಕೆಂದೇ ಮರುದಿನ ಕಚೇರಿಗೆ ಹೋದೆ. ಅಷ್ಟರಲ್ಲಿ ಅವರು ಪಕ್ಕಾ ಅಳತೆ ಆಗಲೆಂದು ದರ್ಜಿಯ ಟೇಪು ತರಿಸಿ, ಜವಾನನಿಂದ ಅಳೆಸಿಕೊಂಡು ಆಗಿತ್ತು. ನಾನು ಹೇಳಿದ್ದಕ್ಕಿಂತ ಮೂರು ಬೆರಳು ಹೆಚ್ಚು ಬಂದಿತ್ತು! ಅವರು ನನ್ನ ಎರಡೂ ಕೈ ಹಿಡಿದುಕೊಂಡು, ‘ಭಾಯಿ, ಈ ವಯಸ್ಸಿನಾಗ ನನ್ನ ಬೆಳಸಿದ್ರಿ’ ಎಂದರು. ಕಚೇರಿಯ ಹಿಂದಿನ ಬೇವಿನ ಗಿಡದಲ್ಲಿ ಈಗ ಕೈಗೆಟುಕುವಷ್ಟು ಎತ್ತರದ ತನಕ ಒಂದೆಲೆಯೂ ಉಳಿದಿಲ್ಲ. ತಿಳಿದ ಸಂಗತಿಯೊಂದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಡದೆ ಒಳಗೇ ಇಟ್ಟುಕೊಂಡಿದ್ದೇನೆ. ಹೊಟ್ಟೆ ಉಬ್ಬರಿಸುತ್ತಲೇ ಇದೆ.