ಸ್ಕಂದ ನಿಜ ಹೇಳಿದ್ದು

೨೦೦೮ರ ಒಂದು ಶನಿವಾರ ಬೆಳಿಗ್ಗೆ ಚಿಕ್ಕಪ್ಪ ವೀರಭದ್ರಪ್ಪ ದಾವಣಗೆರೆಯಿಂದ ಇಂಗ್ಲೆಂಡಿನ ಬೀಸ್ಟನ್‌ಗೆ ಫೋನ್ ಮಾಡಿ, ಮಗಳ ಓದಿನ ಬಗ್ಗೆ ಸ್ಕಂದನನ್ನು ಕೇಳಿದರು: "ನಮ್ಮ ಅಹಲ್ಯಾಗೂ ನೀನು ಓದಿದ ಕಡೇನೇ ಸೀಟು ಸಿಕ್ಕಿದೆ ಕಣೋ. ಸೋಮವಾರ ಮನೆ ಪತ್ರ ಬ್ಯಾಂಕಿಗಿಟ್ಟು ಹದಿನೈದು ಲಕ್ಷ ಸಾಲ ಎತ್ಲೋ, ಬೇಡ್ವೋ?"

ಸ್ಕಂದ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪನ ಕರೆನ್ಸಿ ಮುಗಿದು ಲೈನ್ ಕಟ್ಟಾಯಿತು.

ಉತ್ತರ ಅವನಿಗೆ ಗೊತ್ತಿತ್ತು. ಅವನೂ ಸಾಲ ಎತ್ತಿಯೇ ಬಂದವನು. ಎಂಎಸ್ಸಿ ಮುಗಿಸಿ ಈಗ ಔಷಧದ ಗೋಡೌನಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದ. ಆದರೆ ಊರಿಗೂ ಇಲ್ಲಿನ ಕನ್ನಡದವರಿಗೂ 'ಔಷಧ ಕಂಪನಿಯಲ್ಲಿ ಕೆಲಸ' ಎಂದಿದ್ದ. ಎಲ್ಲರೂ ಮಿಕ್ಕಿದ್ದನ್ನು ತಾವೇ ಸೇರಿಸಿಕೊಂಡು ಅವನನ್ನು ವಿಜ್ಞಾನಿ ಮಾಡಿದ್ದರು. ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಚಿಕ್ಕಪ್ಪನ ಮನೆ ಕಳೆಯಬಾರದು, ಇವತ್ತು ನಿಜ ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿದ.

ಮಧ್ಯಾಹ್ನ ಬೀಸ್ಟನ್ನಿನಲ್ಲೇ ನೆಲೆಸಿದ್ದ ಡಾಕ್ಟರ್ ಸೀತಾಲಕ್ಷ್ಮಿಯವರ ಮನೆಯಲ್ಲಿ ಊಟ. ಓದಲು ಬಂದ ಕನ್ನಡದ ಹುಡುಗರಿಗೆ ತಿಂಗಳಿಗೊಮ್ಮೆ ಬಿಸಿಬೇಳೆಬಾತ್ ಬಡಿಸಿ ಬುದ್ಧಿ ಹೇಳದಿದ್ದರೆ ಅವರಿಗೆ ಸಮಾಧಾನವಿಲ್ಲ. ಚಿಕ್ಕಪ್ಪನ ಪ್ರಶ್ನೆ ತಿಳಿದು ತಮ್ಮ ಫೋನಿನಿಂದಲೇ ದಾವಣಗೆರೆಗೆ ಕರೆ ಮಾಡಿಸಿದರು. ತಾವೂ ಕೇಳಬೇಕೆಂದು ಸ್ಪೀಕರ್ ಒತ್ತಿದರು.

"ಚಿಕ್ಕಪ್ಪ, ಸಾಲ ಮಾಡಬೇಡಿ. ನಾನು ಗೋಡೌನಲ್ಲಿ ಡಬ್ಬ ಕಟ್ಟೋ ಆಳು. ಬಾಡಿಗೆ ಕೊಟ್ರೆ ಕಂತಿಗೆ ಉಳಿಯಲ್ಲ."

ಡಾಕ್ಟರಮ್ಮ ಫೋನಿಗೆ ಬಾಗಿದರು. "ನೋಡಿ ವೀರಭದ್ರಪ್ಪನವರೇ, ಎಂಥ ವಿನಯ! ತುಂಬಿದ ಕೊಡ ತುಳುಕಲ್ಲ."

"ವಿನಯ ಅಲ್ಲ ಆಂಟಿ, ಕೈ ನೋಡಿ!" ಸ್ಕಂದ ರಟ್ಟು ಕೊಯ್ದ ಬೆರಳುಗಳನ್ನು ಚಾಚಿದ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಕೆಮಿಕಲ್ಸು. ಲ್ಯಾಬಲ್ಲಿ ಗ್ಲೌಸ್ ಹಾಕ್ಕೋಬೇಕಪ್ಪ," ಎಂದು ಮುಲಾಮು ಹಚ್ಚಿದರು. ಅವರ ಯಜಮಾನರು ಸುಬ್ರಹ್ಮಣ್ಯ, "ಕನ್ಸಲ್ಟೆಂಟ್ ಡಾಕ್ಟರ್ ಆದ್ಮೇಲೂ ಊರಲ್ಲಿ ನಾನು ಕಾಂಪೌಂಡರ್ ಅಂತಾನೇ ಹೇಳ್ಕೊಂಡಿದ್ದು. ದೃಷ್ಟಿ ಆಗುತ್ತೆ," ಎಂದು ಸಮರ್ಥಿಸಿದರು.

ಸ್ಕಂದನಿಗೆ ಅಳು ಬರುವಂತಾಯಿತು. "ಚಿಕ್ಕಪ್ಪ, ತಿಂಗಳಿಗೆ ಕೈಗೆ ಬರೋದು ಬರೀ ಒಂಬೈನೂರು ಪೌಂಡು!"

ಚಿಕ್ಕಪ್ಪ ಪೌಂಡಿಗೆ ಎಂಬತ್ತು ರೂಪಾಯಿಯಂತೆ ಗುಣಿಸಿದರು. "ಎಪ್ಪತ್ತೆರಡು ಸಾವಿರ! ಡಬ್ಬ ಕಟ್ಟೋಕೇ ಇಷ್ಟು ಕೊಡ್ತಾರಾ? ಸರಿಯಪ್ಪ, ಇನ್ನು ಯೋಚನೆ ಇಲ್ಲ. ತಗೋ, ಅಹಲ್ಯಾ ಮಾತಾಡ್ತಾಳೆ."

ಸ್ಕಂದ ಸ್ಪೀಕರ್ ಆರಿಸಿ ಫೋನನ್ನು ಕಿವಿಗೊತ್ತಿಕೊಂಡ. ಅಹಲ್ಯಾ ಫೋನ್ ಹಿಡಿದು ಒಳಕೋಣೆಗೆ ಹೋದದ್ದು ಕೇಳಿಸಿತು.

"ಅಣ್ಣಾ, ಪಕ್ಕದಲ್ಲೇ ನಿಂತು ಕೇಳ್ತಿದ್ದೆ. ನೀನು ಹೇಳಿದ್ದೆಲ್ಲ ನಿಜ ಅಂತ ನಂಗೆ ಗೊತ್ತಾಯ್ತು."

ಒಬ್ಬಳಾದರೂ ನಂಬಿದಳಲ್ಲ ಎಂದು ಅವನ ಕಣ್ಣು ತುಂಬಿ ಬಂತು. "ಹಾಗಾದ್ರೆ ನೀನೇ ಬೇಡ ಅಂದ್ಬಿಡಮ್ಮ. ಮನೆ ಉಳಿಯುತ್ತೆ."

"ಬೇಡ ಅಂದ್ರೆ ಶ್ರಾವಣದಲ್ಲಿ ನನ್ನ ಮದುವೆ. ಗಂಡು ನೋಡಿ ಆಗಿದೆ." ಅವಳು ದನಿ ತಗ್ಗಿಸಿದಳು. "ಅಣ್ಣಾ, ನಿನ್ನ ಗೋಡೌನಲ್ಲಿ ಇನ್ನೊಬ್ಬರಿಗೆ ಕೆಲಸ ಸಿಗುತ್ತಾ?"