ಮಾವನಿಗೊಂದು ಮೈಕು

ನನ್ನ ಸೋದರಮಾವನಿಗೆ ನಾನು ಮೈಕು ಕೊಡಿಸಿದೆ ಎಂದರೆ ಸಂಬಂಧಿಕರು ಯಾರೂ ನಂಬುವುದಿಲ್ಲ. ನಂಬಿದವರು ನನ್ನ ತಲೆ ಸರಿ ಇದೆಯೇ ಎಂದು ವಿಚಾರಿಸುತ್ತಾರೆ. ಡೊಂಬಿವಲಿಯಲ್ಲಿ ಮಾವ ಇರುವ ಸೊಸೈಟಿಯ ಸೆಕ್ರೆಟರಿಯಂತೂ ಲಿಫ್ಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಅಹೋ, ಹೇ ಕಾಯ್ ಕೇಲಂ ತುಮ್ಹೀ? ಕಾಕಾಂನಾ ಮೈಕ್?" ಎಂದು, ಕಾಕಾನಿಗೆ ಮೈಕು ಕೊಡಿಸಿ ಇದೆಂಥ ಕೆಲಸ ಮಾಡಿದಿರಿ ಎಂದು, ಮರಾಠಿಯಲ್ಲಿ ಕೇಳಿದರು. ಅವರ ಕಣ್ಣಲ್ಲಿ ನಿಜವಾದ ಭಯವಿತ್ತು!

ಭಯಕ್ಕೆ ಕಾರಣವಿದೆ. ಮಾವ ಉಡುಪಿಯಿಂದ ಚಿಕ್ಕ ಪ್ರಾಯದಲ್ಲೇ ಬಂದು, ಕಲ್ಯಾಣದಲ್ಲಿ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸಿದವರು. ಗಲ್ಲಾ ರಸ್ತೆಯ ಬದಿಗೆ, ಅಡುಗೆಮನೆ ಹಿಂದಿನ ತುದಿಗೆ. ನಡುವೆ ತಟ್ಟೆಲೋಟಗಳ ಸದ್ದು, ಎಗ್ಸಾಸ್ಟ್ ಫ್ಯಾನಿನ ಸದ್ದು, ಹೊರಗೆ ರಿಕ್ಷಾಗಳ ಹಾರ್ನು, ಅದರಾಚೆ ರೈಲು. ಇವೆಲ್ಲವನ್ನೂ ದಾಟಿಕೊಂಡು "ಏಕ್ ಮಸಾಲಾ, ದೋ ಸಾದಾ, ಏಕ್ ಇಡ್ಲಿ-ವಡಾ!" ಎಂಬುದು ದೋಸೆ ಭಟ್ಟರ ಕಿವಿಗೆ ಹೋಗಿ ಮುಟ್ಟಬೇಕು. ಮುಟ್ಟುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕಸಾರಾ ಲೋಕಲ್ ಕಾಯುತ್ತಿದ್ದವರಿಗೂ ಮುಟ್ಟಿ, ಹಸಿವಾಗಿ, ಅವರು ರೈಲು ಬಿಟ್ಟು ಹೋಟೆಲಿಗೆ ಬರುತ್ತಿದ್ದರು ಎಂದು ಮಾವನೇ ಹೇಳುತ್ತಾರೆ. ನಾನು ಅದರಲ್ಲಿ ಅರ್ಧ ಕಳೆದು ನಂಬಿದ್ದೇನೆ.

ವಯಸ್ಸಾಯಿತೆಂದು ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟು ಮಾವ ಮನೆ ಸೇರಿದರು. ಗಲ್ಲಾದ ಕಂಪ್ಯೂಟರನ್ನು ಮಾತ್ರ ಬಿಡಲಿಲ್ಲ, ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಅದರ ಕೀಬೋರ್ಡಿನ ಸಂದಿಗಳಲ್ಲಿ ಈಗಲೂ ಚಟ್ನಿಯ ಒಗ್ಗರಣೆಯ ಸಾಸಿವೆ ಸಿಗುತ್ತದೆ. ಅದರ ಜೊತೆಗೆ ಬಂದದ್ದು ಪಾರ್ಸೆಲ್ ಕಟ್ಟುವ ಬಿಳಿ ದಾರದ ದೊಡ್ಡ ಉಂಡೆ. ಮಾವನ ಮನೆಯಲ್ಲಿ ಈ ದಾರದಿಂದ ಕಟ್ಟಿಸಿಕೊಳ್ಳದ ವಸ್ತುವಿಲ್ಲ. ಟಿವಿಯ ರಿಮೋಟು, ಗೀಸರಿನ ವಯರು, ಬಾಲ್ಕನಿಯ ತುಳಸಿ, ಕನ್ನಡಕದ ಕಾಲು ಎಲ್ಲಕ್ಕೂ ಅದೇ ದಾರ, ಅದೇ ಗಂಟು. ಆ ಗಂಟು ಬಿಚ್ಚುವುದಿಲ್ಲ, ಕತ್ತರಿಸಬೇಕು. ಸ್ವರವೂ ಹಾಗೆಯೇ ಹೋಟೆಲಿನಿಂದ ಮನೆಗೆ ಬಂತು. ನೀರು ಕೇಳಿದರೂ ನಾಲ್ಕನೇ ಮಾಳಿಗೆಯವರು ಲೋಟ ಹಿಡಿದುಕೊಂಡು ಇಳಿದು ಬರಬೇಕು, ಹಾಗೆ.

ಇನ್ನು ಅತ್ತೆ. ಮಾವನ ಹೆಂಡತಿ. ಬಡಕಲು ದೇಹ, ಮೆಲ್ಲನೆಯ ಮಾತು. ಕೆಲವು ವರ್ಷಗಳಿಂದ ಅತ್ತೆಗೆ ಕಿವಿ ಕೇಳಿಸುವುದು ಕಮ್ಮಿಯಾಗುತ್ತಾ ಬಂತು. ಮಾವನ ಸ್ವರದಿಂದಲೇ ಹೀಗಾಯಿತು ಎಂದು ಸಂಬಂಧಿಕರಲ್ಲಿ ಒಂದು ಪಂಗಡ. ಅಲ್ಲ, ಕಿವಿ ಕಮ್ಮಿಯಾದದ್ದರಿಂದಲೇ ಸಂಸಾರ ಉಳಿಯಿತು ಎಂದು ಇನ್ನೊಂದು ಪಂಗಡ! ಡಾಕ್ಟರು ಕಿವಿಗೆ ಮಷಿನ್ ಕೊಟ್ಟರು. ಅತ್ತೆ ಅದನ್ನು ಸ್ವಲ್ಪ ದಿನ ಹಾಕಿ ನೋಡಿ, ಕೊನೆಗೆ ಕಪಾಟಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟರು.

"ಎಂಥಕ್ಕೆ ಅತ್ತೆ?" ಎಂದು ನಾನು ಕೈಸನ್ನೆ ಮಾಡಿ ಕೇಳಿದೆ.

"ಕುಯ್ ಕುಯ್ ಅಂತದೆ ಮಾರಾಯ. ಕುಕ್ಕರ್ ಕೂಗಿದ್ರೆ ಕಲ್ಯಾಣ ಜಂಕ್ಷನ್ ಪೂರ್ತಿ ತಲೆಯೊಳಗೆ ಬಂದ ಹಾಗೆ ಆಗ್ತದೆ."

ಇದರಿಂದ ದೊಡ್ಡ ಪೆಟ್ಟು ಬಿದ್ದದ್ದು ಅತ್ತೆಯ ಫೋನಿಗೆ. ಕುಂದಾಪುರದಲ್ಲಿರುವ ತಂಗಿಯ ಹತ್ತಿರ ವಾರಕ್ಕೊಮ್ಮೆ ಮಾತಾಡದಿದ್ದರೆ ಅತ್ತೆಗೆ ಅನ್ನ ಸೇರುವುದಿಲ್ಲ. ಫೋನಿನಲ್ಲಿ ಏನೂ ಕೇಳಿಸದೆ ಹೋದಾಗ ಮಾವ ತಾವೇ ನಡುವೆ ನಿಂತರು. ತಂಗಿ ಹೇಳಿದ್ದನ್ನು ಮೊಬೈಲಿನಲ್ಲಿ ಕೇಳಿ, ಅತ್ತೆಗೆ ಮುಟ್ಟುವ ಹಾಗೆ ಹೇಳುವುದು. ಮುಟ್ಟುವ ಹಾಗೆ ಎಂದರೆ ನಿಮಗೆ ಗೊತ್ತಾಯಿತಲ್ಲ?

"ನಿನ್ನ ತಂಗಿ ಹೇಳ್ತಾಳೆ, ಅವಳ ನಾದಿನಿ ಬಂದು ಕೂತಿದ್ದಾಳಂತೆ! ಹೋಗುವ ಲಕ್ಷಣ ಇಲ್ಲವಂತೆ! ಮಹಾ ಜಿಪುಣಿಯಂತೆ!"

ತಂಗಿ ಪಾಪ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದಳು. ಮಾವ ಡೊಂಬಿವಲಿಯಿಂದ ಕೂಗಿದ್ದು ಅವಳ ಮೊಬೈಲಿನಿಂದ ಹೊರಗೆ ಬಂದು, ಬಾಗಿಲು ದಾಟಿ, ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ ನಾದಿನಿಗೆ ಕೇಳಿಸಿತು. ನಾದಿನಿ ಮರುದಿನವೇ ಬಸ್ಸು ಹತ್ತಿದಳು. ಒಂದು ರೀತಿಯಲ್ಲಿ ಉಪಕಾರವೇ ಆಯಿತು ಎಂದು ಮಾವನ ವಾದ.

ಆಮೇಲೆ ತಂಗಿ ಏನನ್ನೂ ಹೇಳದಾದಳು. ಅತ್ತೆಯೂ ಅಷ್ಟೆ. "ಸೌಖ್ಯವಾ? ಸೌಖ್ಯ. ಮಳೆ ಉಂಟಾ? ಉಂಟು." ಅಲ್ಲಿಗೆ ಫೋನು ಮುಗಿಯಿತು. ಮನೆಯಲ್ಲೂ ಅತ್ತೆ ಮಾತು ಬಿಟ್ಟರು. ಕೇಳಿದ್ದಕ್ಕೆಲ್ಲ ಇಡೀ ಬಿಲ್ಡಿಂಗಿಗೆ ಕೇಳುವಂಥ ಉತ್ತರ ಬರುವುದಾದರೆ ಯಾರಾದರೂ ಯಾಕೆ ಮಾತಾಡುತ್ತಾರೆ? ಮನುಷ್ಯರಿಗೆ ಗುಟ್ಟಾಗಿ ಆಡಲು ನಾಲ್ಕು ಮಾತು ಬೇಡವೇ? ಸೊರಗಿದ ಮುಖದಿಂದ ಅತ್ತೆ ಕಿಟಕಿಯ ಹತ್ತಿರ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಮಾವನಿಗೆ ಇನ್ನೂ ಹೆಚ್ಚು ಆಗುತ್ತಿತ್ತು. ಹೆಚ್ಚು ಆದಷ್ಟೂ ಅವರು ಜೋರಾಗಿ ಮಾತಾಡುತ್ತಿದ್ದರು!

ಹಾಗೆ ಬಂತು ಹೆಡ್‌ಸೆಟ್ಟಿನ ಯೋಚನೆ. ಎರಡೂ ಕಿವಿ ಮುಚ್ಚುವಂಥದ್ದು ಹಾಕಿ, ಕಂಪ್ಯೂಟರಿನಲ್ಲಿ ಶಬ್ದ ಏರಿಸಿಟ್ಟರೆ ಅತ್ತೆಗೆ ತಂಗಿಯ ಮಾತು ನೇರವಾಗಿ ಕೇಳಿಸಬಹುದು ಎಂದು ನಾನು ಹೇಳಿದೆ. ಮೊಬೈಲಿಗೇ ಹಾಕಬಹುದಲ್ಲ ಎಂದೂ ಹೇಳಿದೆ. ಮಾವ ಒಪ್ಪಲಿಲ್ಲ.

"ಮೊಬೈಲು ಕಿಸೆಯಲ್ಲಿ ಇಡುವ ವಸ್ತು. ಅಕ್ಕತಂಗಿಯರ ಮಾತು ಮೇಜಿನ ಮೇಲೆ ಸರಿಯಾಗಿ ಕೂತು ಆಗ್ಬೇಕು."

ಒಂದು ಭಾನುವಾರ ನಾನು ಥಾಣೆಯ ನನ್ನ ಮನೆಯ ಹತ್ತಿರದ ಅಂಗಡಿಗೆ ಅವರನ್ನು ಕರೆದುಕೊಂಡು ಹೋದೆ. ಅಂಗಡಿಯವನು, "ಅಂಕಲ್, ಬ್ಲೂಟೂತ್ ಲೇ ಲೋ, ವೈರ್ ಕಾ ಝಂಝಟ್ ನಹೀ" ಎಂದ. ಮಾವ ಅವನನ್ನು ಮೋಸಗಾರನ ಹಾಗೆ ನೋಡಿದರು. ವಯರಿಲ್ಲದೆ ಸ್ವರ ಎಲ್ಲಿಂದ ಬರುತ್ತದೆ? ಎಲ್ಲಿಗೆ ದಾರ ಕಟ್ಟುವುದು? ಕೊನೆಗೆ ಉದ್ದದ ವಯರಿನ, ಬಾಯಿಯ ಹತ್ತಿರ ಕಡ್ಡಿಯಂತೆ ಮೈಕು ಬರುವ ಒಂದನ್ನು ಆರಿಸಿ, ತಲೆಗೆ ಏರಿಸಿಕೊಂಡು, ಪಿನ್ನು ಇನ್ನೂ ಅವರ ಕೈಯಲ್ಲೇ ಜೋತಾಡುತ್ತಿರುವಾಗ, "ದೋ ಇಡ್ಲಿ, ಏಕ್ ಮಸಾಲಾ!" ಎಂದು ಪರೀಕ್ಷೆ ಮಾಡಿದರು. ಅಂಗಡಿಯವನು ಕಿವಿ ಉಜ್ಜಿಕೊಂಡು ಹೇಳಿದ, "ಮೈಕ್ ಏಕ್‌ದಮ್ ಚಾಲೂ ಹೈ ಅಂಕಲ್!"

ಮನೆಗೆ ಬಂದು ನೋಡಿದರೆ ಹೆಡ್‌ಸೆಟ್ಟಿಗೆ ಒಂದೇ ಪಿನ್ನು. ಕಂಪ್ಯೂಟರಿನ ಹಿಂದೆ ತೂತುಗಳು ಎರಡು, ಒಂದು ಹಸಿರು, ಒಂದು ಗುಲಾಬಿ. ಹಸಿರು ಕೇಳುವುದಕ್ಕೆ, ಗುಲಾಬಿ ಮಾತಾಡುವುದಕ್ಕೆ ಎಂದು ನಾನು ವಿವರಿಸಿದೆ. ಹಸಿರಿಗೆ ಚುಚ್ಚಿದರೆ ಹಾಡು ಕೇಳಿಸಿತು, ನಮ್ಮ ಮಾತು ಒಳಗೆ ಹೋಗಲಿಲ್ಲ. ಗುಲಾಬಿಗೆ ಚುಚ್ಚಿದರೆ ಎರಡೂ ಇಲ್ಲ. ಒಂದು ಪಿನ್ನನ್ನು ಎರಡಾಗಿ ಕವಲೊಡೆಸುವ ಗೇಣುದ್ದದ ವಯರು ಸಿಗುತ್ತದೆ, ಅಂಗಡಿಯಲ್ಲಿ ಸ್ಪ್ಲಿಟರ್ ಎನ್ನುತ್ತಾರೆ, ನಾಳೆ ತರುತ್ತೇನೆ ಎಂದೆ.

ಮರುದಿನ ಆಫೀಸು ಮುಗಿಸಿ, ನೂಕುನುಗ್ಗಲಿನ ಲೋಕಲಿನಲ್ಲಿ ಆ ವಯರನ್ನು ಕಿಸೆಯಲ್ಲಿ ಜೋಪಾನ ಮಾಡಿಕೊಂಡು ಡೊಂಬಿವಲಿಯಲ್ಲಿ ಇಳಿದರೆ, ಮಾವ ಅಷ್ಟರಲ್ಲಿ ತಮ್ಮ ಕೆಲಸ ಮುಗಿಸಿದ್ದರು. ಪಿನ್ನು ಅಲುಗಾಡಬಾರದೆಂದು ಸಿಪಿಯುವಿಗೆ ಸುತ್ತಲೂ ದಾರ ಬಿಗಿದು ಗಂಟು ಹಾಕಿದ್ದರು. ಹಿಂದಿನಿಂದ ನೋಡಿದರೆ ಯಾರೋ ಹತ್ತು ಜನರ ಊಟ ಪಾರ್ಸೆಲ್ ಹೇಳಿದ ಹಾಗಿತ್ತು. ಕತ್ತರಿ ತಂದು, ದಾರ ಕತ್ತರಿಸಿ, ಮೇಜಿನಡಿ ಮಂಡಿಯೂರಿ, ಧೂಳಿಗೆ ಸೀನಿ, ಹಸಿರಿಗೆ ಹಸಿರು, ಗುಲಾಬಿಗೆ ಗುಲಾಬಿ ಸೇರಿಸಿ ನಾನು ಎದ್ದು ಬರುವಷ್ಟರಲ್ಲಿ ಅಂಗಿ ಹೋಗಲಿ, ಮೀಸೆಯೂ ಬೂದಿ ಬಣ್ಣಕ್ಕೆ ಬಂದಿತ್ತು.

"ಮೈಕು ನಡೀತದೆ ಅಂತ ಹೇಗೆ ಗೊತ್ತು?" ಮಾವ ಕೇಳಿದರು. "ನನಗೇ ಕೇಳಿಸ್ಬೇಕು. ಭಟ್ಟರು ಮಾಡಿದ ಸಾಂಬಾರನ್ನು ನಾನು ರುಚಿ ನೋಡದೆ ಹೊರಗೆ ಬಿಟ್ಟದ್ದುಂಟಾ?"

ಕಂಪ್ಯೂಟರಿನ ಸೌಂಡ್ ಸೆಟಿಂಗಿನ ಒಳಗೆ ಹೋದರೆ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಮೈಕಿಗೆ ಹೇಳಿದ್ದು ಅದೇ ಹೆಡ್‌ಸೆಟ್ಟಿನ ಕಿವಿಗೆ ಬರುತ್ತದೆ. ನಾನು ಟಿಕ್ ಹಾಕಿದೆ. ಮಾವ ಹೆಡ್‌ಸೆಟ್ ಧರಿಸಿ, "ಹಲೋ!" ಎಂದರು.

ಎಂದವರೇ ಹೌಹಾರಿ ಅದನ್ನು ಕಿತ್ತೆಸೆದರು.

"ಯಾರೋ ಅದು ಒಳಗೆ? ಹೀಗೆ ಎಂಥಕ್ಕೆ ಬೊಬ್ಬೆ ಹಾಕ್ತಾನೆ?"

"ಅದು ನೀವೇ ಮಾವ."

ಇನ್ನೊಮ್ಮೆ ಹಾಕಿಕೊಂಡರು. ಸ್ವಲ್ಪ ಹೆದರಿಕೊಂಡು "ಹಲೋ" ಎಂದರು. ಮತ್ತೆ ಮುಖ ಹಿಂಡಿದರು.

"ನಾನು ಮಾತಾಡುವುದು ಹೀಗಾ?"

"ಹೀಗೇ."

"ಇಷ್ಟು ವರ್ಷ ಯಾರೂ ಹೇಳಲಿಲ್ಲ ಅಲ್ಲ ಮಾರಾಯ!"

ಹೇಳದೆ ಏನು? ಎಲ್ಲರೂ ಹೇಳಿದ್ದರು. ಸೆಕ್ರೆಟರಿ "ಕಾಕಾ, ಜರಾ ಹಳೂ ಬೋಲಾ ನಾ", ಸ್ವಲ್ಪ ಮೆಲ್ಲ ಮಾತಾಡಿ, ಎಂದು ಕೈ ಮುಗಿದೇ ಹೇಳಿದ್ದರು. ಆದರೆ ಅವರು ಹೇಳುತ್ತಿರುವಾಗ ಮಾವ ಮಾತಾಡುತ್ತಿದ್ದರಲ್ಲ, ಕೇಳಿಸುವುದು ಹೇಗೆ? ಆ ಸಂಜೆ ಮಾವ ಕಾಫಿ ಬೇಕೆಂದು ಕೈಸನ್ನೆಯಲ್ಲಿ ಕೇಳಿದರು. ಅತ್ತೆ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದರು.

ವಾರದ ನಡುವೆ ಮಾವನ ಫೋನು ಬಂತು. ಅತ್ತೆ ತಂಗಿಯ ಹತ್ತಿರ ಕಂಪ್ಯೂಟರಿನಲ್ಲಿ ಮಾತಾಡಿದರಂತೆ, ತಂಗಿಯ ಮಾತು ಚೆನ್ನಾಗಿ ಕೇಳಿಸಿತಂತೆ. ಒಂದೇ ತೊಂದರೆ, ತಾನು ಹೇಳಿದ್ದನ್ನೇ ಹಿಂದಿನಿಂದ ಇನ್ನೊಬ್ಬಳು ಹೇಳಿದ ಹಾಗೆ ಆಗುತ್ತದಂತೆ. ನನಗೆ ಕೂಡಲೇ ತಿಳಿಯಿತು. ಹಾಕಿದ ಟಿಕ್ಕನ್ನು ತೆಗೆಯಲು ಮರೆತಿದ್ದೆ. ಫೋನಿನಲ್ಲಿ ಹೇಳಿಕೊಟ್ಟು ಮಾವನಿಂದ ಅದನ್ನು ತೆಗೆಸುವುದೆಂದರೆ ಇದ್ದದ್ದೂ ಹೋದೀತು. "ಭಾನುವಾರ ಬಂದು ಸರಿ ಮಾಡ್ತೇನೆ" ಎಂದೆ. ಮಾವ "ಹ್ಞಾಂ" ಎಂದು ಇಟ್ಟರು. ಎಷ್ಟು ಮೆಲ್ಲನೆ ಎಂದರೆ, ಲೈನು ಕಡಿಯಿತೆಂದು ನಾನು ಇನ್ನೂ ಹಲೋ ಹಲೋ ಎನ್ನುತ್ತಿದ್ದೆ.

ಭಾನುವಾರ ಹೋದೆ. ಮೆಟ್ಟಿಲು ಹತ್ತುವಾಗಲೇ ಏನೋ ಸರಿ ಇಲ್ಲ ಅನ್ನಿಸಿತು. ಬಾಗಿಲು ಎಂದಿನಂತೆ ತೆರೆದೇ ಇತ್ತು, ಆದರೆ ಒಳಗಿನಿಂದ ಸದ್ದೇ ಇಲ್ಲ. ಆ ಮನೆಯಲ್ಲಿ ಸದ್ದಿಲ್ಲ ಎಂದರೆ ಏನು ತಿಳಿಯಬೇಕು? ಚಪ್ಪಲಿ ಎಲ್ಲೋ ಬಿಸಾಡಿ ಒಳಗೆ ಓಡಿದೆ.

ಅತ್ತೆ ಕಂಪ್ಯೂಟರಿನ ಮುಂದೆ ಕೂತಿದ್ದರು. ತಲೆಯ ಮೇಲೆ ಹೆಡ್‌ಸೆಟ್ಟು. ಪರದೆಯಲ್ಲಿ ತಂಗಿ ಇಲ್ಲ, ಯಾರೂ ಇಲ್ಲ. ಪಕ್ಕದಲ್ಲಿ ಸ್ಟೂಲಿನ ಮೇಲೆ ಮಾವ. ಮೈಕಿನ ಕಡ್ಡಿ ಅತ್ತೆಯ ಬಾಯಿಯ ಹತ್ತಿರ ಇರುವುದರಿಂದ ಮಾವ ಅಲ್ಲಿಯವರೆಗೆ ಬಾಗಿ, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಮುಖ ಇಟ್ಟು, ಏನೋ ಹೇಳುತ್ತಿದ್ದರು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಗುತ್ತಿದ್ದರು.

ನನ್ನನ್ನು ಕಂಡು ಮಾವ ಗಡಬಡಿಸಿ ನೆಟ್ಟಗಾದರು. ಕದ್ದು ಸಿಕ್ಕಿಬಿದ್ದವರ ಹಾಗೆ ಕೆಂಪಾದರು. ಅತ್ತೆಯೇ ಹೇಳಿದರು.

"ಮೊನ್ನೆ ತಂಗಿ ಹತ್ರ ಮಾತಾಡ್ತಾ ಇದ್ದೆ. ಇವರು ಹಿಂದಿನಿಂದ ಬಂದು, ಅಡ್ಡ ಮಾಡ್ಬಾರ್ದು ಅಂತ ಈ ಮೈಕಿನ ಹತ್ರ ಬಗ್ಗಿ ಮೆಲ್ಲ ಹೇಳಿದ್ರು, ಹಾಲು ಉಕ್ತಾ ಉಂಟು ಅಂತ. ಗ್ಯಾಸ್ ಬಂದ್ ಮಾಡಿ ಅಂದೆ. ಹೇಳಿದ ಮೇಲೆ ಗೊತ್ತಾಯ್ತು, ನಂಗೆ ಕೇಳಿಸಿತು ಅಂತ!"

"ಆಮೇಲೆ?" ಎಂದು ನಾನು ಕೈಸನ್ನೆಯಲ್ಲಿ ಕೇಳಿದೆ.

"ಆಮೇಲೆ ಎಂಥ? ತಂಗಿಗೆ ಮತ್ತೆ ಮಾತಾಡುವ ಅಂದೆ. ಹಾಲು ಪೂರ್ತಿ ಉಕ್ಕಿ ನೆಲಕ್ಕೆ ಹೋಯ್ತು. ನಾವಿಬ್ರೂ ಏಳ್ಲಿಲ್ಲ."

ಬಂದ ಕೆಲಸ ಮಾಡಿ ಮುಗಿಸೋಣ ಎಂದು ನಾನು ಟಿಕ್ ತೆಗೆಯಲು ಮೌಸಿಗೆ ಕೈ ಹಾಕಿದೆ. ಮಾವ ನನ್ನ ಕೈ ಹಿಡಿದರು.

"ಆ ಟಿಕ್ ಇರ್ಲಿ."

"ತಂಗಿಯ ಹತ್ತಿರ ಮಾತಾಡುವಾಗ ತೊಂದರೆ ಅಲ್ವಾ ಮಾವ? ತೆಗೆಯುವುದು, ಹಾಕುವುದು ಎರಡೂ ತೋರಿಸಿಕೊಡ್ತೇನೆ."

"ಆಮೇಲೆ ತೋರಿಸು. ಈಗ ಮುಟ್ಬೇಡ."

ಅತ್ತೆ ಹೆಡ್‌ಸೆಟ್ಟು ಸರಿಪಡಿಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ಮದುವೆಯಾಗಿ ಇಷ್ಟು ವರ್ಷ ಆಯ್ತು. ಇವರಿಗೆ ಇಷ್ಟು ಚಂದದ ಸ್ವರ ಉಂಟು ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು" ಎಂದರು. ನನ್ನ ಕಣ್ಣು ತುಂಬಿ ಬಂತು. ಧೂಳು ಎಂದು ಹೇಳಿಕೊಳ್ಳೋಣವೆಂದರೆ ಆ ದಿನ ನಾನು ಮೇಜಿನಡಿ ಹೋಗಿಯೇ ಇರಲಿಲ್ಲ.

"ನೀನು ಸ್ವಲ್ಪ ಹೊರಗೆ ಕೂತ್ಕೊ ಮಾರಾಯ" ಎಂದರು ಮಾವ. "ನಮ್ಮ ಮಾತು ಇನ್ನೂ ಮುಗೀಲಿಲ್ಲ."

ಹೊರಗೆ ಬಾಲ್ಕನಿಯಲ್ಲಿ ಕೂತೆ. ಅವರೇನು ಮಾತಾಡುತ್ತಾರೆಂದು ಕಿವಿಗೊಟ್ಟೆ, ಸುಳ್ಳೇಕೆ ಹೇಳಲಿ. ಬಹಳ ಹೊತ್ತು ಕೂತಿದ್ದೆ. ಒಂದಕ್ಷರವೂ ಕೇಳಿಸಲಿಲ್ಲ.